ಪ್ರತಿಕ್ರಿಯೆ: ಕ್ಲೋವಿಸ್ ರಾಜನವರೆಗಿನ ವಂಶವೃಕ್ಷ ನಿಜವೇ?

ನಿಮ್ಮ ಫ್ರೆಂಚ್ ಅಜ್ಜಿಯ ವಂಶವೃಕ್ಷ 511ರಲ್ಲಿ ತೀರಿಕೊಂಡ, ಫ್ರಾಂಕ್ ಜನರ ರಾಜ ಕ್ಲೋವಿಸ್‌ವರೆಗೆ ಹೋಗುತ್ತದೆ, ಆದರೆ ನಡುವೆ ಇಸವಿಗಳು ಕೂಡುತ್ತಿಲ್ಲ ಅಂದಿರಿ. ತೊಡಕು ಬಹುಶಃ ಬ್ಲಿಥಿಲ್ಡ್ ಎಂಬ ಹೆಸರಿನಲ್ಲಿದೆ. ಇವಳನ್ನು ಕ್ಲೋವಿಸ್ ವಂಶದ ಕ್ಲೋಥಾರ್ ರಾಜನ ಮಗಳು ಅಂತ ತೋರಿಸಿ, ಮುಂದೆ ಶಾರ್ಲಮೇನ್ ಚಕ್ರವರ್ತಿ ಹುಟ್ಟಿದ ಮನೆತನಕ್ಕೆ, ಅಂದರೆ ಮೆಟ್ಜ್‌ನ ಬಿಷಪ್ ಅರ್ನುಲ್ಫ್‌ನ ಮನೆತನಕ್ಕೆ ಗಂಟು ಹಾಕಿರುತ್ತಾರೆ. ಅದು ಶಾರ್ಲಮೇನ್ ಕಾಲದ ಆಸುಪಾಸಿನಲ್ಲಿ ಹೆಣೆದ ಕಥೆ. ಅವನ ಹೊಸ ರಾಜಮನೆತನಕ್ಕೆ ಕ್ಲೋವಿಸ್ ವಂಶದ ಹಳೆಯ ರಾಜರ ನೆಂಟಸ್ತನ ಬೇಕಿತ್ತು, ಅಷ್ಟೇ.

ಮೊದಲು ಆ ಕೊಂಡಿ ಕತ್ತರಿಸಿ. ಆಮೇಲೆ ರಾಜನಿಂದ ಕೆಳಗೆ ಬರಬೇಡಿ, ಅಜ್ಜಿಯಿಂದ ಹಿಂದಕ್ಕೆ ಹೋಗಿ. 1792ರ ನಂತರದ್ದಕ್ಕೆ ಊರಿನ ಜನನ-ಮರಣ ದಾಖಲೆ, ಅದಕ್ಕೂ ಹಿಂದಿನದಕ್ಕೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ನೋಡಿ. ಎರಡೂ ಆಯಾ ಜಿಲ್ಲೆಯ ದಾಖಲೆ ಕಚೇರಿಯ ವೆಬ್‌ಸೈಟಿನಲ್ಲಿ ಸಿಗುತ್ತವೆ, ಹೆಚ್ಚಿನ ಕಡೆ ಪುಕ್ಕಟೆ. 1600ಕ್ಕಿಂತ ಹಿಂದೆ ರೈತ ಕುಟುಂಬಗಳ ಜಾಡು ಸಿಗುವುದು ಅಪರೂಪ. ಶ್ರೀಮಂತ ಮನೆತನದ ಒಬ್ಬ ಪೂರ್ವಜರಾದರೂ ಸಿಕ್ಕರೆ ಮಾತ್ರ ಮುಂದೆ ದಾರಿ. ಅಲ್ಲಿಂದ ಪ್ರತಿ ತಲೆಮಾರಿಗೂ ಆ ಕಾಲದ್ದೇ ಪತ್ರ ಹುಡುಕಿ. ಇನ್ನೊಬ್ಬರ ವಂಶವೃಕ್ಷ ಪುರಾವೆ ಅಲ್ವಲ್ಲ!

ಶಾರ್ಲಮೇನ್‌ವರೆಗೆ ತಲುಪಿದರೆ ಅದೇ ದೊಡ್ಡದು. ಅವನಿಂದ ಅರ್ನುಲ್ಫ್‌ವರೆಗಿನ ಸಾಲನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಆದರೆ ಆ ಸಾಲಿನಲ್ಲಿ ಬರುವ ಅನ್ಸೆಗಿಸೆಲ್ ಅರ್ನುಲ್ಫ್‌ನ ಮಗ ಎಂಬುದಕ್ಕೆ ನೂರು ವರ್ಷಕ್ಕೂ ಜಾಸ್ತಿ ತಡವಾಗಿ ಬರೆದದ್ದೇ ಆಧಾರ. ಅಲ್ಲಿ ‘ಬಹುಶಃ’ ಅಂತ ಗುರುತು ಹಾಕಿ ನಿಲ್ಲಿಸಿ.