ಹೊಟ್ಟೆ ನೋಡಿ ಕುದುರೆ ಗಬ್ಬ ಅಂತ ಹೇಳಬಹುದಾ?

ಕಡೂರು ಕಡೆಯಿಂದ ಹೆಣ್ಣು ಕುದುರೆ ತಂದಿದ್ದೀರಿ. ನಾಲ್ಕು ತಿಂಗಳ ಗಬ್ಬ ಅಂತ ಮಾರಿದವರು ಹೇಳಿದ್ದಾರೆ. ಹೊಟ್ಟೆ ದುಂಡಗಿದೆ, ಆದರೆ ಕೆಚ್ಚಲು ಕಾಣುತ್ತಿಲ್ಲ, ನಂಬಬಹುದಾ ಅಂತ ಕೇಳಿದ್ದೀರಿ. ಕೆಚ್ಚಲು ಇಲ್ಲ ಅಂತ ಬೇಜಾರಾಗಬೇಡಿ. ಹಾಗೇ ದುಂಡಗಿನ ಹೊಟ್ಟೆಯನ್ನೂ ನಂಬಬೇಡಿ.

ನಾನು ಬೇಲೂರಿನ ಹತ್ತಿರದವನು, ಮನೆಯಲ್ಲಿ ಹಸುವೂ ಇದೆ, ಕುದುರೆಯೂ ಇದೆ. ನಮ್ಮ ಕಡೆ ಎಲ್ಲರಿಗೂ ಹಸು ಗೊತ್ತು. ಹಾಗಾಗಿ ಹಸುವಿನ ಲೆಕ್ಕವನ್ನೇ ಕುದುರೆಗೂ ಹಾಕುತ್ತಾರೆ. ಅದು ಹೊಂದುವುದಿಲ್ಲ. ಕಡಸು ಗಬ್ಬದ ಮಧ್ಯದಲ್ಲೇ ಕೆಚ್ಚಲು ತೋರಿಸಲು ಶುರು ಮಾಡುತ್ತದೆ. ಕುದುರೆ ಕೆಚ್ಚಲು ಬಿಡುವುದು ಕೊನೆಯ ಒಂದು ತಿಂಗಳಲ್ಲಿ, ಹೆಚ್ಚೆಂದರೆ ಒಂದೂವರೆ ತಿಂಗಳು ಮುಂಚೆ. ಗಬ್ಬದ ದಿನಗಳ ಲೆಕ್ಕವೂ ಬೇರೆ. ಹಸುವಿಗೆ ಸುಮಾರು 280 ದಿನವಾದರೆ ಕುದುರೆಗೆ ಸುಮಾರು 340. ಅದರಲ್ಲೂ 320ಕ್ಕೇ ಈಯುವುದುಂಟು, 360 ದಾಟುವುದೂ ಉಂಟು.

ಇನ್ನು ಹೊಟ್ಟೆ. ಬರೀ ಒಣಹುಲ್ಲು ತಿಂದ ಕುದುರೆಗೂ, ಜಂತುಹುಳ ಇರುವ ಕುದುರೆಗೂ ಹೊಟ್ಟೆ ಜೋತು ಬೀಳುತ್ತದೆ. ಚೊಚ್ಚಲ ಗಬ್ಬವಾದರೆ ಏಳೆಂಟು ತಿಂಗಳಾದರೂ ಹೊಟ್ಟೆ ಗೊತ್ತಾಗದೇ ಇರಬಹುದು. ನಾಲ್ಕು ತಿಂಗಳಿಗೆ ಹೊಟ್ಟೆ ನೋಡಿ ಹೇಳುತ್ತೇನೆ ಅನ್ನುವವರು ಸುಮ್ನೆ ಊಹೆ ಮಾಡುತ್ತಿದ್ದಾರೆ ಅಷ್ಟೇ.

ಬೆದೆಯಿಂದ ಒಂದು ಸುಳಿವು ಸಿಗುತ್ತದೆ. ಗಬ್ಬ ಇಲ್ಲದ ಕುದುರೆ ಸಾಮಾನ್ಯವಾಗಿ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಗಂಡು ಹತ್ತಿರ ಬಂದರೆ ಬಾಲ ಎತ್ತಿ, ಪದೇ ಪದೇ ಗಂಜಲ ಹಾಕುತ್ತಾ ನಿಲ್ಲುತ್ತದೆ. ಗಬ್ಬವಾಗಿದ್ದರೆ ಕಿವಿ ಹಿಂದಕ್ಕೆ ಮಲಗಿಸಿ ಒದೆಯಲು ಹೋಗುತ್ತದೆ. ಆದರೆ ಗಬ್ಬದ ಕುದುರೆಯೂ ಒಮ್ಮೊಮ್ಮೆ ಬೆದೆ ತೋರಿಸುತ್ತದೆ, ಹಾಗಾಗಿ ಇದನ್ನೇ ಪೂರ್ತಿ ನೆಚ್ಚಿಕೊಳ್ಳಬೇಡಿ.

ಡಾಕ್ಟರನ್ನು ಕರೆಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಕುದುರೆ ನೋಡುವವರು ಯಾರು ಅಂತ ಅಲ್ಲೂ ವಿಚಾರಿಸಿ. ಗಂಡು ಬಿಟ್ಟ ಹದಿನೈದು ದಿನದ ಆಸುಪಾಸಿನಲ್ಲೇ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ. ಕುದುರೆಗೆ ಅವಳಿ ತುಂಬಾ ಅಪಾಯ, ಅದನ್ನು ಹಿಡಿಯಲೂ ಅದೇ ಸರಿಯಾದ ಸಮಯ. ನಿಮಗೆ ಆ ಹೊತ್ತು ಮೀರಿದೆ. ಪರವಾಗಿಲ್ಲ, ನಾಲ್ಕು ತಿಂಗಳಿಗೆ ಅನುಭವ ಇರುವ ಡಾಕ್ಟರು ಕೈ ಹಾಕಿ ನೋಡಿಯೇ ಹೇಳುತ್ತಾರೆ, ಸ್ಕ್ಯಾನ್ ಇದ್ದರೆ ಇನ್ನೂ ಒಳ್ಳೆಯದು. ರಕ್ತ ಪರೀಕ್ಷೆಯೊಂದನ್ನೇ ನಂಬಬೇಡಿ. 40 ದಿನದ ನಂತರ ಮಾಡುವ ಒಂದು ಪರೀಕ್ಷೆಯಲ್ಲಿ ಮರಿ ಹೋಗಿದ್ದರೂ ಕೆಲವು ವಾರ ಗಬ್ಬ ಅಂತಲೇ ಬರುತ್ತದೆ.

ಒಂದು ಮಾತು ಕೈ ಮುಗಿದು ಹೇಳುತ್ತೇನೆ. ಪರೀಕ್ಷೆ ಆಗುವ ತನಕ ಬೆದೆಗೆ ಬರಿಸುವ ಇಂಜೆಕ್ಷನ್ ಯಾರಿಂದಲೂ ಹಾಕಿಸಬೇಡಿ. ಗಬ್ಬ ಇದ್ದರೆ ಕಂದು ಹಾಕಿಬಿಡಬಹುದು.

ಕಣ್ಣಿಗೆ ಕಾಣುವ ಗುರುತುಗಳೆಲ್ಲ ಬರುವುದು ಕೊನೆಗೆ. ಕೆಚ್ಚಲು ಬಿಗಿಯುತ್ತದೆ. ಬಾಲದ ಬುಡ ಒತ್ತಿದರೆ ಮೆತ್ತಗಿರುತ್ತದೆ. ಆಮೇಲೆ ಒಂದು ಸಂಜೆ ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಎರಡೂ ತೊಟ್ಟಿನ ತುದಿಯಲ್ಲಿ ಹಳದಿ ಅಂಟು ಮಣಿ ಕಟ್ಟಿರುತ್ತದೆ. ಹೆಚ್ಚಿನ ಕುದುರೆಗಳು ಅದು ಕಂಡ ಒಂದೆರಡು ದಿನದಲ್ಲೇ ಈಯುತ್ತವೆ, ಅದೂ ಜಾಸ್ತಿ ರಾತ್ರಿ ಹೊತ್ತು. ಅಂಟು ಕಟ್ಟದೇ ಈದುಬಿಡುವುದೂ ಇದೆ, ಅದಕ್ಕೇ ದಿನದ ಲೆಕ್ಕ ಮುಖ್ಯ. ಮಾರಿದವರಿಗೆ ಇವತ್ತೇ ಫೋನ್ ಮಾಡಿ, ಗಂಡು ಬಿಟ್ಟ ತಾರೀಕು ಕೇಳಿ ಬರೆದಿಟ್ಟುಕೊಳ್ಳಿ. ಡಾಕ್ಟರು ಬಂದಾಗ ಮೊದಲು ಕೇಳುವುದೂ ಅದನ್ನೇ.