ಸೇನೆಯಲ್ಲಿ ಮುರಿದ ಕಾಲಿನ ಮೂಳೆ ಸೋಂಕು ಮರುಕಳಿಸುತ್ತಲೇ ಇದೆ. ಅಮೆರಿಕದ ವಿಎ ಕೊಟ್ಟ ಶೇಕಡಾ 10 ಸರಿಯೇ?

ನಿಮ್ಮ ಯಜಮಾನರಿಗೆ ಅಮೆರಿಕದ ಸೇನೆಯಲ್ಲಿದ್ದಾಗ ಮೊಣಕಾಲಿನ ಕೆಳಗೆ ಮೂಳೆ ಮುರಿದು ರಾಡ್ ಹಾಕಿದ್ದರು, ಆಗ ತಗುಲಿದ ಸೋಂಕು ಹಲವು ಸಲ ಮರುಕಳಿಸಿದೆ, ಎರಡು ವರ್ಷದ ಹಿಂದೆ ಖಾಸಗಿ ಆಸ್ಪತ್ರೆಯಲ್ಲಿ ಮತ್ತೆ ಕೀವು ತೆಗೆಸಿದ್ದೀರಿ. ಆದರೂ ನಾಲ್ಕು ತಿಂಗಳ ಹಿಂದೆ ವಿಎಯಿಂದ (ಅಮೆರಿಕದ ಮಾಜಿ ಸೈನಿಕರ ಇಲಾಖೆ) ಬಂದ ಪತ್ರದಲ್ಲಿ ‘ಸೋಂಕು ಸಕ್ರಿಯವಾಗಿಲ್ಲ’ ಎಂದು ಪರಿಹಾರಧನ ನಿರ್ಧರಿಸುವ ಅಂಗವೈಕಲ್ಯ ರೇಟಿಂಗ್ ಶೇಕಡಾ 10 ಮಾತ್ರ ಕೊಟ್ಟಿದ್ದಾರೆ. ನೀವು ಬರೆದಿರುವಷ್ಟರ ಮೇಲೆ ಹೇಳುವುದಾದರೆ ಇದು ಕಡಿಮೆ. 20 ಸಿಗಬೇಕು.

ಆಸ್ಟಿಯೋಮೈಲೈಟಿಸ್‌ಗೆ (ಮೂಳೆ ಸೋಂಕಿಗೆ) ರೇಟಿಂಗ್ ಕೊಡಲು ವಿಎ ಬಳಸುವುದು ಡಯಾಗ್ನೋಸ್ಟಿಕ್ ಕೋಡ್ 5000. ಇಲ್ಲಿ ನೋವು ಎಷ್ಟಿದೆ ಎನ್ನುವುದಕ್ಕಿಂತ ಸೋಂಕು ಯಾವ್ಯಾವಾಗ ಕೆರಳಿತು ಎನ್ನುವ ತಾರೀಖೇ ಮುಖ್ಯ. ಮೊದಲ ಸೋಂಕಿನ ನಂತರ ಎರಡೋ ಹೆಚ್ಚೋ ಸಲ ಮರುಕಳಿಸಿ, ಕಳೆದ 5 ವರ್ಷಗಳಲ್ಲಿ ತಣ್ಣಗಿದ್ದರೆ 10. ಮರುಕಳಿಸುವ ಸೋಂಕೆಂದು ಸಾಬೀತಾಗಿ, ಆ 5 ವರ್ಷಗಳೊಳಗೆ ಕೀವು ಸೋರಿದ್ದರೆ ಅಥವಾ ಸಕ್ರಿಯ ಸೋಂಕಿಗೆ ಬೇರೆ ಪುರಾವೆ ಇದ್ದರೆ 20. ಇದನ್ನು ಗಮನಿಸಿ: ‘ಸಕ್ರಿಯವಾಗಿಲ್ಲ’ ಎಂದು 10 ಕೊಟ್ಟಾಗಲೇ ಸೋಂಕು ಮರುಕಳಿಸುವಂಥದ್ದು ಎಂದು ಅವರೇ ಒಪ್ಪಿದಂತಾಯಿತು. ಉಳಿದಿರುವ ತಕರಾರು ಕೊನೆಯ ಸಲ ಕೆರಳಿದ ತಾರೀಖಿನದು ಮಾತ್ರ.

ಖಾಸಗಿ ಆಸ್ಪತ್ರೆಯ ದಾಖಲೆ ವಿಎ ಕಡತ ಸೇರಿದೆಯೇ ಎಂದು ಮೊದಲು ನೋಡಿ. ತೀರ್ಪಿನ ಪತ್ರದಲ್ಲಿ ‘ಎವಿಡೆನ್ಸ್’ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ಇಲ್ಲದಿದ್ದರೆ ಫಾರ್ಮ್ 20-0995 ಹಾಕಿ, ಅಂದರೆ ಸಪ್ಲಿಮೆಂಟಲ್ ಕ್ಲೇಮ್. ಪಟ್ಟಿಯಲ್ಲಿದ್ದೂ ಅವರು ಗಮನಿಸಿಲ್ಲ ಎಂದಾದರೆ ಫಾರ್ಮ್ 20-0996, ಹೈಯರ್ ಲೆವೆಲ್ ರಿವ್ಯೂ. ಈ ಎರಡನೆಯದರಲ್ಲಿ ಹೊಸ ದಾಖಲೆ ಸ್ವೀಕರಿಸುವುದಿಲ್ಲ, ಹಾಗಾಗಿ ತಪ್ಪು ಫಾರ್ಮ್ ಹಾಕಿದರೆ ತಿಂಗಳುಗಟ್ಟಲೆ ವ್ಯರ್ಥ. ಯಾವುದೇ ಆಗಲಿ, ಪತ್ರದ ತಾರೀಖಿನಿಂದ ಒಂದು ವರ್ಷದೊಳಗೆ ಸಲ್ಲಿಸಿ; ಆಗಲೇ ಬಾಕಿ ಹಣವನ್ನು ಹಳೆಯ ಕ್ಲೇಮ್‌ನ ತಾರೀಖಿನವರೆಗೂ ಹಿಂದಕ್ಕೆ ಕೇಳುವ ಹಕ್ಕು ಉಳಿಯುತ್ತದೆ.

ದಾಖಲೆ ತರಿಸಿಕೊಳ್ಳಲು ವಿಎಗೆ ಒಪ್ಪಿಗೆ ಕೊಡುವ ಫಾರ್ಮ್ 21-4142 ಇದೆ. ಆದರೂ ನೀವೇ ಆಸ್ಪತ್ರೆಯಿಂದ ಪಡೆದು ಲಗತ್ತಿಸುವುದು ಉತ್ತಮ ಎಂದೇ ನಾನು ಹೇಳುತ್ತೇನೆ. ಆಪರೇಷನ್ ನೋಟ್, ಮೂಳೆಯ ಕಲ್ಚರ್ ವರದಿ, ಆಂಟಿಬಯಾಟಿಕ್ ಕೊಟ್ಟ ದಿನಗಳ ವಿವರ, ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ ಅಥವಾ ಸಿಟಿ ವರದಿ ಬೇಕು. ಸಿಟಿ ವರದಿಯನ್ನು ಸಾಲು ಬಿಡದೆ ಓದಿ. ‘ಸೀಕ್ವೆಸ್ಟ್ರಮ್’ (ಸತ್ತ ಮೂಳೆಯ ತುಂಡು) ಅಥವಾ ‘ಇನ್ವಾಲ್ಯೂಕ್ರಮ್’ (ಅದರ ಸುತ್ತ ಬೆಳೆದ ಹೊಸ ಮೂಳೆಯ ಕವಚ) ಇದೆ ಎಂದು ಸ್ಪಷ್ಟವಾಗಿ ಬರೆದಿದ್ದರೆ ರೇಟಿಂಗ್ 30. ಕೀವು ಸೋರಲೇಬೇಕೆಂದಿಲ್ಲ. ಪದೇಪದೇ ಕೆರಳುತ್ತಾ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇಂಥ ಲಕ್ಷಣಗಳಿದ್ದರೆ 60ರ ಮಾತು ಬರುತ್ತದೆ. ಆದರೆ ಮೂಳೆ ಡಾಕ್ಟರು ಹೆಚ್ಚಾಗಿ ಗಾಯದ ಬಗ್ಗೆಯಷ್ಟೇ ಬರೆಯುತ್ತಾರೆ; ಜ್ವರದ ವಿಷಯ ಪ್ರತಿ ಭೇಟಿಯಲ್ಲೂ ಬಾಯಿಬಿಟ್ಟು ಹೇಳಿ ಬರೆಸಬೇಕು.

ವಿಎ ವೈದ್ಯಕೀಯ ಪರೀಕ್ಷೆಗೆ ಮತ್ತೆ ಕರೆಯಬಹುದು. ಆ ದಿನ ಗಾಯ ಒಣಗಿತ್ತು, ಆದ್ದರಿಂದ ಕಾಯಿಲೆ ಇಲ್ಲ ಎಂದು ಬರೆದುಬಿಡುವುದೇ ಈ ಕ್ಲೇಮ್‌ಗಳಲ್ಲಿ ಆಗುವ ದೊಡ್ಡ ಅನ್ಯಾಯ. ವಿಎ ರೇಟಿಂಗ್ ನಿಯಮಾವಳಿಯ (38 CFR) ನಿಯಮ 4.43 ಇದಕ್ಕೆ ನೇರ ಉತ್ತರ: ಕೀವು ಕಾಣಲಿ ಬಿಡಲಿ, ದೀರ್ಘಕಾಲದ ಮೂಳೆ ಸೋಂಕನ್ನು ನಿರಂತರ ಅಂಗವೈಕಲ್ಯ ಎಂದೇ ಪರಿಗಣಿಸಬೇಕು. ನಿಮ್ಮ ಹೇಳಿಕೆಯಲ್ಲಿ ಈ ನಿಯಮದ ಸಂಖ್ಯೆ ನಮೂದಿಸಿ.

ಕಣಕಾಲು ಬಿಗಿದಿದ್ದರೆ ಅದಕ್ಕೆ ಬೇರೆಯೇ ರೇಟಿಂಗ್ ಕೇಳಿ. ಪಾದ ಮೇಲಕ್ಕೆ 5 ಡಿಗ್ರಿಯೂ ಏಳದಿದ್ದರೆ 20. ಸೋಂಕಿನ 20, ಇದರ 20 ಸೇರಿದರೆ ವಿಎ ಲೆಕ್ಕದಲ್ಲಿ 36, ಅದನ್ನು 40ಕ್ಕೆ ಏರಿಸುತ್ತಾರೆ. ಮೊಣಕಾಲಿನ ಕೆಳಗೆ ಕಾಲು ಕತ್ತರಿಸಿದರೂ ಸಿಗುವುದು 40, ಆ ಭಾಗಕ್ಕೆ ಅದಕ್ಕಿಂತ ಹೆಚ್ಚು ಕೊಡುವುದಿಲ್ಲ. ಸೋಂಕಿನ 60ಕ್ಕೆ ಮಾತ್ರ ಈ ಮಿತಿ ಅನ್ವಯಿಸದು.

20 ಸಿಕ್ಕರೂ ಅದಕ್ಕೆ ಕೊನೆಯ ತಾರೀಖು ಇರುತ್ತದೆ. ಮುಂದೆ ಸೋಂಕು ಮತ್ತೆ ಕೆರಳಿದರೆ ಕೂಡಲೇ ವರದಿ ಸಮೇತ ರೇಟಿಂಗ್ ಹೆಚ್ಚಿಸಲು ಕ್ಲೇಮ್ ಹಾಕಿ. ಆಪರೇಷನ್ ಆಗಿ ಚೇತರಿಕೆಗೆ ಕನಿಷ್ಠ ಒಂದು ತಿಂಗಳು ಬೇಕಾದರೆ, ಅಥವಾ ಈ ಸೋಂಕಿಗಾಗಿ 21 ದಿನಕ್ಕಿಂತ ಹೆಚ್ಚು ವಿಎ ಆಸ್ಪತ್ರೆಯಲ್ಲೋ ವಿಎ ಒಪ್ಪಿದ ಆಸ್ಪತ್ರೆಯಲ್ಲೋ ಇದ್ದರೆ, ತಾತ್ಕಾಲಿಕವಾಗಿ 100 ಕೇಳಬಹುದು. ಅದನ್ನು ಅರ್ಜಿಯಲ್ಲಿ ಪ್ರತ್ಯೇಕವಾಗಿ ಬರೆಯಿರಿ. ಫಾರ್ಮ್ ತುಂಬಲು ಡಿಎವಿ, ವಿಎಫ್‌ಡಬ್ಲ್ಯೂ, ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘಗಳ ಪ್ರತಿನಿಧಿಗಳು ಹಣ ಪಡೆಯದೆ ನೆರವಾಗುತ್ತಾರೆ.