ಅನ್ನಪೂರ್ಣ ಸರ್ಕ್ಯೂಟ್‌ಗೆ ಹತ್ತು ದಿನದ ರಜೆ ಸಾಕಾ?

ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇನೆ, ನೇಪಾಳದ ಅನ್ನಪೂರ್ಣ ಪರ್ವತಗಳನ್ನು ಸುತ್ತುವ ಚಾರಣವಾದ ಅನ್ನಪೂರ್ಣ ಸರ್ಕ್ಯೂಟ್‌ಗೆ ಹತ್ತು ದಿನ ಸಾಕಾ ಎಂದು ಕೇಳಿದ್ದೀರಿ. ಸಾಲದು. ಕಠ್ಮಂಡುವಿನಿಂದ ಹೊರಟು ಪೋಖರಾ ಸೇರಲು 14 ದಿನ ಇಟ್ಟುಕೊಳ್ಳಿ. ಕುಮಾರ ಪರ್ವತ 1,712 ಮೀಟರ್, ಇಲ್ಲಿ ದಾಟಬೇಕಾದ ಥೊರಂಗ್ ಲಾ ಪಾಸ್ (ಬೆಟ್ಟಗಳ ನಡುವಿನ ಕಣಿವೆದಾರಿ) 5,416 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮಂಗಳೂರಿನಲ್ಲಿ ಸಿಗುವುದರ ಅರ್ಧದಷ್ಟು. ಕಾಲಿನ ಕಸುವು ಇದಕ್ಕೆ ಪರಿಹಾರವಲ್ಲ. ಗಟ್ಟಿಮುಟ್ಟಾದವರೇ ಬೇಗ ಬೇಗ ಹತ್ತಿ ತೊಂದರೆಗೆ ಸಿಕ್ಕಿಕೊಳ್ಳುವುದು ಹೆಚ್ಚು.

ದಾರಿ ಮರ್ಸ್ಯಾಂಗ್ದಿ ನದಿಯ ಕಣಿವೆಯಲ್ಲಿ ಏರಿ, ಪಾಸ್ ದಾಟಿ, ಕಾಳಿ ಗಂಡಕಿಯ ಕಣಿವೆಗೆ ಇಳಿಯುತ್ತದೆ. ತಿರುಗುಮುರುಗಾಗಿ ಹೋಗಬೇಡಿ. ಪಾಸ್‌ನ ಆಚೆ ಬದಿಯ ಮುಕ್ತಿನಾಥದ ಕಡೆಯಿಂದಾದರೆ ಒಂದೇ ದಿನದಲ್ಲಿ 1,600 ಮೀಟರ್‌ಗೂ ಹೆಚ್ಚು ಏರಬೇಕು, ನಡುವೆ ತಂಗಲು ಹೆಚ್ಚೇನೂ ಇಲ್ಲ.

ಬೇಸಿಸಹರ್‌ವರೆಗೆ ಬಸ್, ಅಲ್ಲಿಂದ ಧಾರಾಪಾನಿಗೆ ಜೀಪ್. ಈಗ ಜೀಪ್ ಮನಾಂಗ್‌ವರೆಗೂ ಹೋಗುತ್ತದೆ, ಅಪಾಯ ಇರುವುದೇ ಅದರಲ್ಲಿ. ಕೂತಲ್ಲೇ 3,540 ಮೀಟರ್ ತಲುಪಿದವರಿಗೆ ರಾತ್ರಿಯೇ ತಲೆನೋವು ಶುರು. ಧಾರಾಪಾನಿಯಿಂದ ನಡೆಯಿರಿ: ಚಾಮೆ, ಮೇಲಿನ ಪಿಸಾಂಗ್, ನಗವಾಲ್, ಮನಾಂಗ್. ಪಿಸಾಂಗ್ ಆದಮೇಲೆ ಕೆಳಗಿನ ರಸ್ತೆ ಸಲೀಸು, ಆದರೆ ಜೀಪಿನ ಧೂಳು. ಘ್ಯಾರು ಮೂಲಕ ಹೋಗುವ ಮೇಲಿನ ದಾರಿಯಲ್ಲಿ ಸುಮಾರು 400 ಮೀಟರ್ ನೆಟ್ಟಗಿನ ಏರು. ಬೆವರು ಇಳಿಸುತ್ತದೆ, ಮೈಯನ್ನೂ ಎತ್ತರಕ್ಕೆ ಒಗ್ಗಿಸುತ್ತದೆ.

ಮನಾಂಗ್‌ನಲ್ಲಿ ಕನಿಷ್ಠ ಎರಡು ರಾತ್ರಿ. ಹಗಲು ಹಾಸಿಗೆ ಹಿಡಿಯದೆ ಸುತ್ತಲಿನ ಗುಡ್ಡವನ್ನು ಮುನ್ನೂರು ನಾನೂರು ಮೀಟರ್ ಹತ್ತಿ, ಇಳಿದು ಬಂದು ಮಲಗಿ. ಸೀಸನ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ವೈದ್ಯರು ಇಲ್ಲಿರುತ್ತಾರೆ. ಎತ್ತರದ ಕಾಯಿಲೆ ತಡೆಯುವ ಡೈಮಾಕ್ಸ್ ಮಾತ್ರೆ ಸಾಮಾನ್ಯವಾಗಿ 125 ಮಿ.ಗ್ರಾಂ, ದಿನಕ್ಕೆರಡು ಬಾರಿ. ಸಲ್ಫಾ ಅಲರ್ಜಿ ಇದ್ದರೆ ಊರಲ್ಲೇ ವೈದ್ಯರನ್ನು ಕೇಳಿ. ಮುಂದೆ ಯಾಕ್ ಖರ್ಕಾ (4,050), ಆಮೇಲೆ ಥೊರಂಗ್ ಫೇದಿ. ಇವೆರಡರ ನಡುವೆ ಕಲ್ಲು ಉರುಳುವ ಇಳಿಜಾರಿದೆ. ಬೆಳಿಗ್ಗೆಯೇ ದಾಟಿ, ಫೋಟೊಗೆ ನಿಲ್ಲಬೇಡಿ.

ಎತ್ತರದ ಕಾಯಿಲೆ ಬಿಗಡಾಯಿಸಿದ ಲಕ್ಷಣಗಳು: ಕುಡಿದವರಂತೆ ತೂರಾಡುವುದು, ಸುಮ್ಮನೆ ಕೂತಾಗಲೂ ಏದುಸಿರು, ಕಫದ ಕೆಮ್ಮು. ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, ಕೆಳಗಿಳಿಸಬೇಕು. ಬರೀ ತಲೆನೋವಾದರೆ ಇದ್ದಲ್ಲೇ ಇರಿ, ಅದು ವಾಸಿಯಾಗುವವರೆಗೆ ಫೇದಿಯ ಮೇಲಿನ ಹೈ ಕ್ಯಾಂಪ್‌ಗೆ (4,880) ಹೋಗಬೇಡಿ.

ಪಾಸ್ ದಾಟುವ ದಿನ ಫೇದಿಯಿಂದ ನಸುಕಿನ ನಾಲ್ಕಕ್ಕೆ ಹೊರಡಿ, ಹೊತ್ತೇರಿದಂತೆ ಗಾಳಿ ಜೋರಾಗುತ್ತದೆ. ಬೆನ್ನಚೀಲದಿಂದ ನೀರು ಹೀರುವ ಪೈಪ್ ಹೆಪ್ಪುಗಟ್ಟುತ್ತದೆ, ಬಾಟಲಿಯೇ ಮೇಲು. ಅದನ್ನು ತಲೆಕೆಳಗಾಗಿಡಿ, ಐಸ್ ಮೊದಲು ಕಟ್ಟುವುದು ಮೇಲ್ಭಾಗದಲ್ಲಿ. ಮೊಬೈಲು, ಬ್ಯಾಟರಿ ಒಳಜೇಬಿನಲ್ಲಿರಲಿ. ಏರು ಮುಗಿಯಿತೆಂದು ನಿಟ್ಟುಸಿರು ಬಿಡುವಾಗಲೇ 1,600 ಮೀಟರ್ ಇಳಿಜಾರು ಎದುರಾಗುತ್ತದೆ. ಮಂಡಿ ಸೋಲುವುದು ಇಲ್ಲಿಯೇ, ಎರಡು ಕೋಲು ಬೇಕೇ ಬೇಕು.

ಹಿಮ ಬೀಳುವ ಮುನ್ಸೂಚನೆ ಇದ್ದರೆ ಕಾಯಿರಿ. 2014ರ ಅಕ್ಟೋಬರ್‌ನಲ್ಲಿ ಹುಡ್‌ಹುಡ್ ಚಂಡಮಾರುತದ ಶೇಷ ಇಲ್ಲಿ ಹಿಮಪಾತವಾಗಿ ಸುರಿದು 40ಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್ ಒಳ್ಳೆಯ ತಿಂಗಳೇ. ಆದರೂ ಎರಡು ದಿನ ಕೈಯಲ್ಲಿರಲಿ.

ಮುಕ್ತಿನಾಥದಲ್ಲಿ 108 ಧಾರೆಗಳ ಸ್ನಾನ ಮಾಡುವುದಾದರೆ ಮರುದಿನ ಬಿಸಿಲೇರಿದ ಮೇಲೆ. ನಮ್ಮಲ್ಲಿ ಪೂಜೆಗಿಡುವ ಸಾಲಿಗ್ರಾಮಗಳು ಸಿಗುವುದು ಕೆಳಗಿನ ಕಾಳಿ ಗಂಡಕಿಯಲ್ಲೇ. ಆ ಕಣಿವೆಯಲ್ಲಿ ಹೊತ್ತೇರಿದ ಮೇಲೆ ತೆಂಕಣ ಗಾಳಿ ಮರಳನ್ನು ಮುಖಕ್ಕೇ ರಾಚುತ್ತದೆ, ಹನ್ನೊಂದರೊಳಗೆ ಜೋಮ್ಸೋಮ್ ಸೇರಿಕೊಳ್ಳಿ. ಅಲ್ಲಿಂದ ಪೋಖರಾಕ್ಕೆ ವಿಮಾನ ಹಾರುವುದೂ ಈ ಗಾಳಿಯ ದೆಸೆಯಿಂದ ಬೆಳಿಗ್ಗೆ ಮಾತ್ರ. ಅದು ರದ್ದಾದರೆ ಬಸ್ಸೇ ಗತಿ, ಹಾಗಾಗಿ ಮರುದಿನಕ್ಕೇ ಬೆಂಗಳೂರಿನ ಟಿಕೆಟ್ ಮಾಡಿಸಬೇಡಿ.

ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಒಯ್ಯಿರಿ, ಆಧಾರ್ ನಂಬಿ ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಬೇಸಿಸಹರ್ ಬಿಡುವ ಮೊದಲೇ ಜೋಮ್ಸೋಮ್‌ವರೆಗಿನ ಖರ್ಚಿಗೆ ನೇಪಾಳಿ ನಗದು ಜೇಬಿನಲ್ಲಿರಲಿ.